ನೆಟ್ ಕಟ್ಟುವ ಮೊದಲು ನೆಲ ಗಟ್ಟಿ ಮಾಡಿದ ಕ್ರೀಡಾ ಸಂಘ

ದಾವಣಗೆರೆಯಲ್ಲಿ ಸಂಜೆ ಹೊತ್ತು ವಾಲಿಬಾಲ್, ಕಬಡ್ಡಿ ಆಡಲು ಜಾಗ ಹುಡುಕುತ್ತಿದ್ದರೆ ಹದಡಿ ರಸ್ತೆ ಕಡೆ ಇರುವ ನಮ್ಮ ಬಡಾವಣೆಯ ಕ್ರೀಡಾ ಸಂಘದ ಅಂಗಳಕ್ಕೆ ಒಮ್ಮೆ ಹೋಗಿ. ಮುಂಚೆ ನೋಡಿದವರಿಗೆ ಈಗ ಗುರುತೇ ಸಿಗುವುದಿಲ್ಲ. ಸದಸ್ಯರು, ಅವರ ಮನೆಯವರು, ಅಕ್ಕಪಕ್ಕದ ಬೀದಿಯವರು ಸೇರಿ ಭಾನುವಾರಗಳ ಶ್ರಮದಾನದಲ್ಲಿ ಮಾಡಿದ ಕೆಲಸ ಇದು. ನಾನು ಅಲ್ಲಿ ವಾಲಿಬಾಲ್ ಆಡುತ್ತೇನೆ, ಮಗಳು ಕಬಡ್ಡಿಗೆ ಬರುತ್ತಾಳೆ. ಹಾಗಾಗಿ ಚೆನ್ನಾಗಿರುವುದನ್ನೂ ಹೇಳುತ್ತೇನೆ, ಇನ್ನೂ ಆಗಬೇಕಾದದ್ದನ್ನೂ ಹೇಳುತ್ತೇನೆ.

ದೊಡ್ಡ ಕೆಲಸ ಆಗಿರುವುದು ಕಣ್ಣಿಗೆ ಕಾಣದ ಕಡೆ, ನೆಲದ ಕೆಳಗೆ. ಬಡಾವಣೆ ಆಗುವ ಮೊದಲು ಇದೆಲ್ಲ ಹೊಲ, ಎರೆ ಮಣ್ಣು. ಅದರ ಗುಣ ನಮ್ಮ ಕಡೆಯವರಿಗೆ ಗೊತ್ತೇ ಇದೆ ಅಲ್ವಾ. ಮಳೆಗೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಹತ್ತಿಗೆ, ಜೋಳಕ್ಕೆ ಒಳ್ಳೆಯ ಮಣ್ಣು, ಹಾರಿ ಇಳಿಯುವವರ ಕಾಲಿಗೆ ಮಾತ್ರ ಅಪಾಯ. ಮುಂಚೆ ಪ್ರತಿ ವರ್ಷ ಮೇಲೊಂದಿಷ್ಟು ಕೆಂಪು ಮಣ್ಣು ಸುರಿಸುತ್ತಿದ್ದರು, ಎರಡು ಮಳೆ ಬಿದ್ದರೆ ಅದು ಎರೆಯ ಜೊತೆ ಕಲೆತು ಕೆಸರಾಗುತ್ತಿತ್ತು, ಮುಂದಿನ ವರ್ಷ ಮತ್ತೆ ಅದೇ ಖರ್ಚು. ಈ ಸಲ ಎರೆಯನ್ನೇ ತೆಗೆದು ಹಾಕಿದರು. ಆ ಜಾಗಕ್ಕೆ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು, ತುಂಬಿದರು. ಒಂದೇ ಸಲಕ್ಕೆ ಸುರಿಯದೆ ತೆಳುವಾಗಿ ಹರಡುವುದು, ನೀರು ಬಿಡುವುದು, ಕುಟ್ಟುವುದು, ಅದು ಕೂತ ಮೇಲೆ ಇನ್ನೊಂದು ಪದರ. ಕೊನೆಗೆ ಜರಡಿ ಹಿಡಿದ ಕೆಂಪು ಮಣ್ಣು.

ಇಲ್ಲಿ ಕೈ ಹಿಡಿದವರು ಹಿರಿಯರು. ಸುತ್ತಲ ಹಳ್ಳಿಗಳಿಂದ ಬಂದು ಇಲ್ಲಿ ಮನೆ ಕಟ್ಟಿಕೊಂಡವರು ನಮ್ಮಲ್ಲಿ ಜಾಸ್ತಿ, ಅವರೆಲ್ಲ ಒಂದು ಕಾಲಕ್ಕೆ ಸುಗ್ಗಿಯಲ್ಲಿ ತೆನೆ ಒಕ್ಕಲು ಕಣ ಮಾಡಿದವರೇ. ಮಣ್ಣಿಗೆ ಎಷ್ಟು ನೀರು ಬೇಕು, ಎಷ್ಟು ಹೊತ್ತು ಆರಬೇಕು, ಯಾವಾಗ ಕಲ್ಲು ಉರುಳಿಸಿದರೆ ಗಟ್ಟಿಯಾಗುತ್ತದೆ, ಯಾವಾಗ ಉರುಳಿಸಿದರೆ ಕಲ್ಲಿಗೇ ಮೆತ್ತಿಕೊಂಡು ಏಳುತ್ತದೆ, ಇದೆಲ್ಲ ಅವರಿಗೆ ಮುಷ್ಟಿಯಲ್ಲಿ ಮಣ್ಣು ಹಿಡಿದ ಕೂಡಲೇ ತಿಳಿಯುತ್ತದೆ. ಒಬ್ಬ ಅಜ್ಜ ಊರಲ್ಲಿ ಸುಮ್ನೆ ಬಿದ್ದಿದ್ದ, ಕಣದಲ್ಲಿ ಉರುಳಿಸುವ ರೋಣಗಲ್ಲನ್ನು ಟ್ರ್ಯಾಕ್ಟರಿನಲ್ಲಿ ಹಾಕಿಸಿ ತಂದರು. 'ಅವಸರ ಮಾಡಬ್ಯಾಡ್ರಪ್ಪಾ, ಇನ್ನೊಂದು ದಿನ ಆರಲಿ' ಅಂತ ಹುಡುಗರನ್ನು ತಡೆದವರೂ ಅವರೇ. ಇವತ್ತಿಗೂ ಆ ಕಲ್ಲಿನಲ್ಲೇ ಅಂಗಳ ಉರುಳಿಸುವುದು. ಹೊಲ ಬಿಟ್ಟು ಬಂದವರ ತಿಳಿವಳಿಕೆ ಮೊಮ್ಮಕ್ಕಳ ಆಟಕ್ಕೆ ಒದಗಿದ್ದು ನನಗಂತೂ ತುಂಬಾ ಖುಷಿ ಕೊಟ್ಟ ಸಂಗತಿ.

ಇಳಿಜಾರಿಗೂ ಗಮನ ಕೊಟ್ಟಿದ್ದಾರೆ. ಬಯಲಿನ ವಾಲಿಬಾಲ್ ಅಂಕಣಕ್ಕೆ ನೀರು ಹರಿಯಲು ಮೀಟರಿಗೆ 5 ಮಿಲಿಮೀಟರ್ ಇಳಿಜಾರು ಇರಬಹುದು ಅಂತ ನಿಯಮವೇ ಇದೆ. ಗಾರೆ ಮೇಸ್ತ್ರಿಗಳು ಟ್ಯೂಬ್ ಲೆವೆಲ್ ಹಿಡಿದು ಅಷ್ಟನ್ನೇ ಕೊಟ್ಟರು. ಜೋರು ಮಳೆ ಬಂದರೂ ನೀರು ಅಂಚಿನ ಚರಂಡಿಗೆ ಹೋಗುತ್ತದೆ, ಮಧ್ಯದಲ್ಲಿ ಮಡುಗಟ್ಟುವುದಿಲ್ಲ.

ಜಗಳ ಆಗಿದ್ದು ಅಂಕಣಗಳ ವಿಚಾರಕ್ಕೆ. ಮೊದಲು ಎರಡು ವಾಲಿಬಾಲ್ ಅಂಕಣ ಇದ್ದವು, ಒತ್ತೊತ್ತಾಗಿ. ಚೆಂಡಿನ ಹಿಂದೆ ಓಡಿದರೆ ಕಲ್ಲು ಬೆಂಚಿಗೋ ಕಾಂಪೌಂಡಿಗೋ ಬಡಿಯಬೇಕು. ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ, ಸುತ್ತ ಕನಿಷ್ಠ 3 ಮೀಟರ್ ಖಾಲಿ ಬಿಡಬೇಕು. ಅಂದರೆ ಒಟ್ಟು 24ಕ್ಕೆ 15 ಮೀಟರ್ ಜಾಗ ಬೇಕು. ಆ ಲೆಕ್ಕದಲ್ಲಿ ನಮ್ಮಲ್ಲಿ ಕೂರುವುದು ಒಂದೇ. ಒಂದನ್ನು ತೆಗೆಯುತ್ತಾರೆ ಅಂದಾಗ ಹಳೇ ಆಟಗಾರರು ಸಿಟ್ಟಾದರು, ಕಾಯುವ ಹೊತ್ತು ಜಾಸ್ತಿ ಆಗಿರುವುದೂ ನಿಜ. ಆದರೂ ನಾನು ಸಮಿತಿಯ ಪರ. ಮೊಣಕಾಲು ಒಡೆದುಕೊಂಡು ಆಡುವುದಕ್ಕಿಂತ ಸ್ವಲ್ಪ ಹೊತ್ತು ಕಾದು ಆಡುವುದು ಮೇಲು.

ನನ್ನ ಮೆಚ್ಚಿನ ಬದಲಾವಣೆ ಕಂಬಗಳದ್ದು. ಹಳೇ ಕಂಬದಲ್ಲಿ ಕೊಕ್ಕೆ ಒಂದೇ ಎತ್ತರಕ್ಕೆ ಇತ್ತು, ಗಂಡಸರ 2.43 ಮೀಟರಿಗೆ. ಹೆಂಗಸರಿಗೆ ನೆಟ್ 2.24 ಮೀಟರ್ ಇರಬೇಕು. ಆ 19 ಸೆಂಟಿಮೀಟರ್ ಏನು ಮಹಾ ಅನ್ನಿಸಬಹುದು, ಆಡಿ ನೋಡಿ, ಸ್ಮ್ಯಾಷ್ ಹೊಡೆಯುವುದಕ್ಕೂ ಬರೀ ಚೆಂಡು ದಾಟಿಸುವುದಕ್ಕೂ ಇರುವ ವ್ಯತ್ಯಾಸ ಅದೇ. ವೆಲ್ಡಿಂಗ್ ಅಂಗಡಿಯ ಹುಡುಗರು ಹೊಸ ಕಂಬಕ್ಕೆ ಎರಡೂ ಎತ್ತರದ ಕೊಕ್ಕೆ, ಮಕ್ಕಳಿಗೆ ಇನ್ನೂ ಕೆಳಗೊಂದು ಹಾಕಿಕೊಟ್ಟಿದ್ದಾರೆ. ಅದಾದ ಮೇಲೆ ಸಂಜೆ ಬರುವ ಹೆಂಗಸರು, ಹೈಸ್ಕೂಲ್ ಹುಡುಗಿಯರು ಹೆಚ್ಚಿದ್ದಾರೆ.

ಕಬಡ್ಡಿಗೆ ಮ್ಯಾಟ್ ಬೇಕು ಅಂತ ಕೆಲವರು ಹಟ ಹಿಡಿದಿದ್ದರು. ಮೇಲೆ ಸೂರಿಲ್ಲದೆ ದಾವಣಗೆರೆ ಬಿಸಿಲಿಗೆ ಮ್ಯಾಟ್ ಹಾಸಿದರೆ ಎಷ್ಟು ದಿನ ಬಾಳೀತು ಹೇಳಿ. ಮಣ್ಣಿನ ಅಂಕಣವನ್ನೇ ಮೆತ್ತಗೆ ಮಾಡಿದ್ದಾರೆ, ಸಾಮಿಲ್‌ನಿಂದ ತಂದ ಮರದ ಹೊಟ್ಟು ಬೆರೆಸಿ. ನಮ್ಮದು ಕುಸ್ತಿಯ ಊರು, ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿ ಬೆಳೆದವರಿಗೆ ಬೀಳುವ ಮಣ್ಣು ಹೇಗಿರಬೇಕು ಅಂತ ಬಿಡಿಸಿ ಹೇಳಬೇಕಿಲ್ಲ. ಗಂಡಸರ 13ಕ್ಕೆ 10 ಮೀಟರ್ ಗೆರೆಯೂ ಇದೆ, ಹೆಂಗಸರ 12ಕ್ಕೆ 8ರ ಗೆರೆಯೂ ಇದೆ. ಗೆರೆಗೆ ಸುಣ್ಣ ಬಿಟ್ಟು ರಂಗೋಲಿ ಪುಡಿ ಬಳಸುತ್ತಾರೆ. ಮುಖ ಕೆಳಗಾಗಿ ಬೀಳುವ ಆಟ ಇದು, ಸುಣ್ಣ ಕಣ್ಣಿಗೆ ಹೋದರೆ ಸುಡುತ್ತದೆ. ಬೇರೆ ಕಡೆ ಮಕ್ಕಳನ್ನು ಆಡಿಸುವವರು ಇದೊಂದನ್ನಾದರೂ ದಯವಿಟ್ಟು ಅನುಸರಿಸಿ.

ಲೈಟುಗಳು ಪರವಾಗಿಲ್ಲ. ಕಂಬಗಳನ್ನು ಪಕ್ಕದಲ್ಲಿ ನೆಟ್ಟಿರುವುದರಿಂದ ಸರ್ವ್ ತೆಗೆಯುವಾಗ ಕಣ್ಣಿಗೆ ಹೊಡೆಯುವುದಿಲ್ಲ. ಒಂದು ಮೂಲೆ ಮಾತ್ರ ಇನ್ನೂ ಕತ್ತಲು.

ಲೆಕ್ಕದ ವಿಷಯದಲ್ಲಿ ಈ ಸಂಘಕ್ಕೆ ಪೂರ್ತಿ ಅಂಕ. ಗರಸಿನ ಲೋಡಿನಿಂದ ವೆಲ್ಡಿಂಗ್ ರಾಡಿನವರೆಗೆ ಎಲ್ಲ ಬಿಲ್ಲುಗಳನ್ನು ಬೋರ್ಡಿಗೆ ಅಂಟಿಸಿದ್ದಾರೆ, ಯಾರು ಬೇಕಾದರೂ ನಿಂತು ಓದಬಹುದು. ದುಡ್ಡು ಕೊಟ್ಟವರ ಹೆಸರಿನ ಜೊತೆಗೇ ಕೈಕೆಲಸ ಮಾಡಿದವರ ಹೆಸರೂ ಇದೆ, ಒಂದೇ ಅಳತೆಯ ಅಕ್ಷರದಲ್ಲಿ.

ಇನ್ನು ಕೊರತೆ. ಹೆಂಗಸರಿಗೆ ಬೇರೆ ಶೌಚಾಲಯ ಇಲ್ಲ, ಬಟ್ಟೆ ಬದಲಿಸಲು ಕೋಣೆ ಇಲ್ಲ. ಇರುವ ಒಂದು ಶೌಚಾಲಯದ ಚಿಲಕ ಸರಿ ಇಲ್ಲ. ಇಷ್ಟು ಹುಡುಗಿಯರು ಬರುವ ಕಡೆ ಇದು ಮೊದಲೇ ಆಗಬೇಕಿತ್ತು, ಸಭೆಯಲ್ಲೂ ಇದನ್ನೇ ಹೇಳಿದ್ದೇನೆ. ತಗಡಿನ ಶೆಡ್ಡಿನ ಜಿಮ್‌ಗಾಗಿ ಯಾರೂ ಸೇರಬೇಡಿ, ಮಧ್ಯಾಹ್ನ ಒಳಗೆ ನಿಲ್ಲಲು ಆಗುವುದಿಲ್ಲ, ದಾನ ಬಂದ ಯಂತ್ರಗಳಿಗೆ ಎಣ್ಣೆ ಬಿಡುವವರಿಲ್ಲ.

ಇನ್ನೊಂದು ಚಿಂತೆ ನಿರ್ವಹಣೆಯದ್ದು. ಆಡುವ ಮೊದಲು ನೀರು ಚಿಮುಕಿಸಬೇಕು, ಆಡಿದ ಮೇಲೆ ಕೊರಡು ಎಳೆಯಬೇಕು, ಮಳೆ ನಿಂತು ನೆಲ ಆರುವಾಗ ಕಲ್ಲು ಉರುಳಿಸಬೇಕು. ಅಂಗಳ ಕಟ್ಟುವಾಗ ಬೀದಿಗೆ ಬೀದಿಯೇ ಬಂದಿತ್ತು, ಈಗ ಇದನ್ನೆಲ್ಲ ಮಾಡುವುದು ಅದೇ ಕೆಲವು ಜನ. ಅವರು ದಣಿದರೆ ಎರಡೇ ಮಳೆಗಾಲಕ್ಕೆ ನೆಲ ಹಳೇ ಸ್ಥಿತಿಗೆ ಬರುತ್ತದೆ. ಆಡುವ ಪ್ರತಿ ತಂಡಕ್ಕೂ ಒಂದೊಂದು ವಾರದ ಸರದಿ ಹಾಕಿ, ಸರದಿ ತಪ್ಪಿಸಿದ ತಂಡಕ್ಕೆ ಮುಂದಿನ ವಾರ ಅಂಕಣ ಕೊಡಬೇಡಿ ಅಂತ ನನ್ನ ಒತ್ತಾಯ.

ಸೇರುವವರಿಗೆ: ಚಂದಾ ಹಗುರ, ಶಾಲೆ ಮಕ್ಕಳಿಗೆ ಇಲ್ಲವೇ ಇಲ್ಲ. ಮಕ್ಕಳಿಗೆ ಸಂಜೆಯ ಮೊದಲ ಪಾಳಿ, ಆಮೇಲೆ ದೊಡ್ಡವರದ್ದು. ಶೌಚಾಲಯದ ಪಾಯ ತೋಡುವ ಕೆಲಸ ಮುಂದಿನ ಶ್ರಮದಾನಕ್ಕೆ ಇಟ್ಟಿದ್ದಾರೆ, ಭಾನುವಾರ ಬೆಳಗ್ಗೆ ಬಿಸಿಲೇರುವ ಮೊದಲು ಬನ್ನಿ. ಸಲಿಕೆ, ಗುದ್ದಲಿ, ಬಾಂಡ್ಲಿ ಸಂಘದಲ್ಲೇ ಇವೆ. ಸದಸ್ಯರಲ್ಲದವರೂ ಬರಬಹುದು.