ಕಾಂಪೊನೆಂಟ್‌ಗೆ ಹೆಸರು ಕನ್ನಡದಲ್ಲೋ, ಇಂಗ್ಲಿಷಿನಲ್ಲೋ: ನಾವು ಬಳಸಿ ನೋಡಿದ ಮೂರು ಪದ್ಧತಿಗಳು

ಗಂಗಾವತಿಯ ರೈಸ್ ಮಿಲ್ಲುಗಳ ಲೆಕ್ಕಕ್ಕಾಗಿ ನಾವು ನಾಲ್ವರು ಸೇರಿ ಬರೆಯುತ್ತಿರುವ ತಂತ್ರಾಂಶದಲ್ಲಿ, ಪರದೆಯನ್ನು ಕಟ್ಟುವ ಬಿಡಿ ಭಾಗಗಳಾದ ಕಾಂಪೊನೆಂಟ್‌ಗಳಿಗೆ ಹೆಸರಿಡುವ ಮೂರು ಪದ್ಧತಿಗಳನ್ನು ಒಂದರ ನಂತರ ಒಂದರಂತೆ ಬಳಸಿ ನೋಡಿದೆವು.

ಮೊದಲನೆಯದು ಕನ್ನಡ ಲಿಪಿ. ನಾವು ಕೋಡ್ ಬರೆಯುವ ಜಾವಾಸ್ಕ್ರಿಪ್ಟ್ ಭಾಷೆ ಕನ್ನಡ ಅಕ್ಷರಗಳ ಹೆಸರನ್ನು ಒಪ್ಪುತ್ತದೆ. ಪಕ್ಕದಲ್ಲಿ ಕುಳಿತ ಮಿಲ್ಲಿನ ಗುಮಾಸ್ತರೂ ಕೋಡಿನಲ್ಲಿ ತಮಗೆ ಪರಿಚಯವಿದ್ದ ಮಾತುಗಳನ್ನು ಗುರುತಿಸುತ್ತಿದ್ದುದು ನಮಗೆ ಹೆಮ್ಮೆಯ ಸಂಗತಿಯಾಗಿತ್ತು. ಆದರೆ ‘ಲಾಟ್’ ಎಂದು ಬರೆಯುವಾಗ ಒಬ್ಬರ ಕೀಲಿಮಣೆ ಅರ್ಧಾಕ್ಷರದ ಕೊನೆಗೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಸೇರಿಸುತ್ತಿತ್ತು, ಇನ್ನೊಬ್ಬರದು ಸೇರಿಸುತ್ತಿರಲಿಲ್ಲ. ಹೆಸರಿನ ನಡುವೆಯಾಗಲಿ ಕೊನೆಯಲ್ಲಾಗಲಿ ಆ ಸಂಕೇತಕ್ಕೆ ಜಾವಾಸ್ಕ್ರಿಪ್ಟ್ ಭಾಷೆಯ ನಿಯಮದಲ್ಲೇ ಅನುಮತಿಯಿರುವುದರಿಂದ, ನೋಡಲು ಒಂದೇ ಆದ ಎರಡು ಹೆಸರುಗಳು ಯಂತ್ರಕ್ಕೆ ಬೇರೆಯಾಗಿದ್ದವು. ‘ಕೋ’ದಂಥ ಅಕ್ಷರದ ದೀರ್ಘ ಸ್ವರಚಿಹ್ನೆಯನ್ನು, ಅಕ್ಷರಗಳಿಗೆ ಸಂಕೇತ ಕೊಡುವ ಜಾಗತಿಕ ಮಾನಕವಾದ ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬಿಡಿಬಿಡಿಯಾಗಿಯೂ ಬರೆಯಬಹುದಾದ್ದರಿಂದ ಅಲ್ಲೂ ಇದೇ ಗೋಳು ಕಾದಿತ್ತು. ಒಂದು ಇಡೀ ಮಧ್ಯಾಹ್ನ ಹೀಗೆ ಹಾಳಾದ ಮೇಲೆ ಆ ಪದ್ಧತಿಯನ್ನು ಕೈಬಿಟ್ಟೆವು.

ಎರಡನೆಯದು ಕನ್ನಡ ಮಾತುಗಳನ್ನೇ ರೋಮನ್ ಲಿಪಿಯಲ್ಲಿ ಬರೆಯುವುದು. ನಾನು ‘ನೆಲ್ಲು’ ಎಂದರೆ ಬಳ್ಳಾರಿಯ ಸಹೋದ್ಯೋಗಿ ‘ಭತ್ತ’ ಎಂದು ಬರೆದರು. ‘ಚೀಲ’ದ ದೀರ್ಘಕ್ಕೆ ಒಬ್ಬರು ಒಂದೇ ಐ (i), ಮತ್ತೊಬ್ಬರು ಎರಡು ಇ (ee) ಹಾಕಿದರು. ಹುಡುಕಿದರೆ ಅರ್ಧ ಮಾತ್ರ ಸಿಗುವ ಹೆಸರಿನಿಂದ ಏನು ಪ್ರಯೋಜನ?

ಈಗ ಬಳಸುತ್ತಿರುವುದು ಇಂಗ್ಲಿಷ್. ಇದೂ ತಾನಾಗಿಯೇ ಕೆಲಸ ಸುಲಭ ಮಾಡಲಿಲ್ಲ. ಆರಂಭದಲ್ಲಿ ಚೀಲಗಳ ಸಂಖ್ಯೆ ತುಂಬುವ ಕಾಂಪೊನೆಂಟ್‌ಗೆ ‘ಬ್ಯಾಗ್‌ಇನ್‌ಪುಟ್’ ಎಂದಷ್ಟೇ ಹೆಸರಿಟ್ಟಿದ್ದೆವು. ನಮ್ಮ ಭಾಗದಲ್ಲಿ ನೆಲ್ಲಿನ ದರ 75 ಕೆಜಿ ಚೀಲದ ಲೆಕ್ಕದಲ್ಲಿ ನಡೆಯುತ್ತದೆ, ಮಾರಾಟಕ್ಕೆ ಹೋಗುವ ಅಕ್ಕಿಯ ಚೀಲ ಸಾಮಾನ್ಯವಾಗಿ 25 ಕೆಜಿಯದು. ಅಕ್ಕಿಗೆಂದು ಬರೆದ ಅದೇ ಕಾಂಪೊನೆಂಟನ್ನು ಯಾರೋ ನೆಲ್ಲಿನ ಖರೀದಿಯ ಪರದೆಗೂ ಹಾಕಿದ್ದರಿಂದ 100 ಚೀಲ ನೆಲ್ಲು 75 ಕ್ವಿಂಟಲ್ ಆಗುವ ಬದಲು 25 ಕ್ವಿಂಟಲ್ ಎಂದು ತೋರಿಸಿತು. ಅಂದಿನಿಂದ ವ್ಯವಹಾರದ ಪದ ಮೊದಲು, ಪರದೆಯ ಭಾಗದ ಹೆಸರು ಆಮೇಲೆ: ‘ಪ್ಯಾಡಿಬ್ಯಾಗ್‌ಇನ್‌ಪುಟ್’, ‘ರೈಸ್‌ಬ್ಯಾಗ್‌ಇನ್‌ಪುಟ್’. ವೆಬ್ ಪರದೆಗಳನ್ನು ಕಟ್ಟಲು ಬಳಸುವ ‘ವ್ಯೂ’ (Vue) ಚೌಕಟ್ಟಿನ ಶೈಲಿ ಕೈಪಿಡಿಯೂ ವ್ಯಾಪಕ ಪದವನ್ನು ಮುಂದಿಡಲು ಹೇಳುತ್ತದೆ. ಹಾಗಿಟ್ಟರೆ ನೆಲ್ಲಿಗೆ ಸಂಬಂಧಿಸಿದ ಕಡತಗಳೆಲ್ಲ ಎಡಿಟರ್‌ನಲ್ಲಿ ಒಂದೆಡೆ ಸಾಲಾಗಿ ನಿಲ್ಲುತ್ತವೆ. ಕಡತದ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ತಪ್ಪಿದರೆ ವಿಂಡೋಸ್ ಸುಮ್ಮನಿದ್ದು ಲಿನಕ್ಸ್ ಸರ್ವರ್ ತಕರಾರು ತೆಗೆಯುವುದರಿಂದ ಅದನ್ನೂ ಖಚಿತಗೊಳಿಸಿಕೊಂಡೆವು.

ನನ್ನ ಮತ ಮೂರನೆಯದಕ್ಕೆ, ಆದರೆ ಪೂರ್ತಿಯಾಗಿ ಅಲ್ಲ. ‘ಹಮಾಲಿ’ಯನ್ನು ‘ಲೇಬರ್’ ಎಂದರೆ ಮಿಲ್ಲಿನ ಇತರ ಕೂಲಿಯೂ ಅದರೊಳಗೆ ಸೇರಿಬಿಡುತ್ತದೆ. ನುಚ್ಚಿನ ದಾಸ್ತಾನಿಗೆ ಇಟ್ಟಿದ್ದ ‘ಬ್ರೋಕನ್‌ಲಿಸ್ಟ್’ ಎಂಬ ಹೆಸರನ್ನು, ಹೊಸದಾಗಿ ಸೇರಿದ ಹುಡುಗ ಕೆಟ್ಟುಹೋದ ದಾಖಲೆಗಳ ಪಟ್ಟಿಯೆಂದು ತಿಳಿದು ಅಳಿಸಲು ಹೊರಟಿದ್ದ. ಈಗ ಹಮಾಲಿ, ದಲಾಲಿ, ನುಚ್ಚು, ತೌಡು ಈ ನಾಲ್ಕು ಪದಗಳು ಮಾತ್ರ ರೋಮನ್ ಲಿಪಿಯ ಕನ್ನಡದಲ್ಲೇ ಇವೆ, ಅವುಗಳ ಕಾಗುಣಿತವನ್ನು ಕೋಡಿನ ಜೊತೆಗಿರುವ ಒಂದು ಕಡತದಲ್ಲಿ ಬರೆದಿಟ್ಟಿದ್ದೇವೆ.