ಒಂದೊಂದೇ ಸಾಲು ಬರೆಸುವ ಬೀಜಗಣಿತದ ಆ್ಯಪ್: 14 ತಿಂಗಳು ಬಳಸಿದ ಮೇಲೆ

ಮಗಳು ಏಳನೇ ತರಗತಿಯಲ್ಲಿದ್ದಾಗ ಈ ಆ್ಯಪ್ ಹಾಕಿಕೊಂಡೆವು. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಇಪ್ಪತ್ತು ನಿಮಿಷ. ಪಕ್ಕದಲ್ಲಿ ಕೂತು ನಾನೂ ಲೆಕ್ಕ ಬಿಡಿಸಿದ್ದೇನೆ.

ಸುಮ್ನೆ ಉತ್ತರ ಹಾಕಿ ಮುಂದೆ ಹೋಗಲು ಇದು ಬಿಡುವುದಿಲ್ಲ. ಒಂದು ಸಾಲು ಬರೆಯಬೇಕು, ಆ ಸಾಲಿಗೆ ಹೇಗೆ ಬಂದಿರಿ ಅಂತ ಹೇಳಬೇಕು, ಆಮೇಲೆಯೇ ಮುಂದಿನ ಸಾಲು. "ಅಮ್ಮಾ, ಉತ್ತರ ಸರಿ ಇದೆಯಲ್ಲ, ಇನ್ನೇನು ಬೇಕಂತೆ ಇದಕ್ಕೆ?" ಅಂತ ಮಗಳು ಮೊದಲ ತಿಂಗಳೆಲ್ಲ ರೇಗುತ್ತಿದ್ದಳು. 'ಆ ಕಡೆ ಹೋದರೆ ಪ್ಲಸ್ ಮೈನಸ್ ಆಗುತ್ತೆ' ಅಂತ ಬಾಯಿಪಾಠ ಮಾಡಿದವರೇ ನಾವೆಲ್ಲ, ಅಲ್ವಾ? ಸಂಖ್ಯೆ ಎಲ್ಲಿಗೂ ಹೋಗುವುದಿಲ್ಲ. ಎರಡೂ ಬದಿಯಿಂದ ಅಷ್ಟನ್ನೇ ಕಳೆಯುತ್ತೇವೆ, ಅಷ್ಟೆ. ಗಣಿತಜ್ಞ ರಾಬರ್ಟ್ ರೆಕಾರ್ಡ್ 1557ರಲ್ಲಿ ಸಮ ಚಿಹ್ನೆಗೆ ಒಂದೇ ಉದ್ದದ ಎರಡು ಗೆರೆ ಎಳೆದದ್ದು, ಅವಕ್ಕಿಂತ ಸಮವಾದದ್ದು ಬೇರೆ ಇಲ್ಲ ಅಂತ. ಇದನ್ನು ಹೇಳಿದ ದಿನದಿಂದ ಅವಳು ಆ ಚಿಹ್ನೆಯನ್ನು ತಕ್ಕಡಿ ಅಂತಲೇ ಕರೆಯುತ್ತಾಳೆ.

ಒಂದು ಲೆಕ್ಕ ಚೆನ್ನಾಗಿ ನೆನಪಿದೆ: 3(ಎಕ್ಸ್ − 4) − 2(ಎಕ್ಸ್ − 5) = 9. ಅವಳಿಗೆ ಬಂದದ್ದು 31. ಆ್ಯಪ್ ಉತ್ತರವನ್ನು ಮುಟ್ಟಲೇ ಇಲ್ಲ, ಎರಡನೇ ಸಾಲನ್ನು ಕೆಂಪು ಮಾಡಿತು. ಆವರಣ ಬಿಡಿಸುವಾಗ −2 ಅನ್ನು −5ರಿಂದ ಗುಣಿಸಿ −10 ಅಂತ ಬರೆದಿದ್ದಳು, ಅದು +10 ಆಗಬೇಕಿತ್ತು. ತಿದ್ದಿದ ಮೇಲೆ ಎಕ್ಸ್ − 2 = 9, ಅಂದರೆ 11. ಕೊನೆಗೆ 11 ಹಾಕಿ ತಾಳೆ ನೋಡಿಸಿತು: 21 − 12 = 9. ತಪ್ಪು ಮೊದಲು ಹೊಕ್ಕ ಜಾಗವನ್ನು ಹೀಗೆ ಬೆರಳಿಟ್ಟು ತೋರಿಸುವುದು ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ.

ಅನುಪಾತದ ಪಾಠವೂ ಗಟ್ಟಿಯಾಗಿದೆ. ಇಬ್ಬರ ವಯಸ್ಸು 5:3, ವ್ಯತ್ಯಾಸ 12 ವರ್ಷ ಅಂದಾಗ ಅವಳು 12ನ್ನು 8ರಿಂದ ಭಾಗಿಸಿಬಿಟ್ಟಳು. ಮೊತ್ತ ಕೊಟ್ಟಿದ್ದರೆ 8 ಸರಿ. ಇಲ್ಲಿ ಕೊಟ್ಟಿರುವುದು ವ್ಯತ್ಯಾಸ. ಆ್ಯಪ್ ಒಂದರ ಕೆಳಗೊಂದು ಐದು ಮನೆ, ಮೂರು ಮನೆ ಎಳೆದು ತೋರಿಸಿತು. ಮೇಲೆ ಉಳಿದದ್ದು ಎರಡೇ ಮನೆ. ಎರಡಕ್ಕೆ 12 ಆದರೆ ಒಂದಕ್ಕೆ 6, ವಯಸ್ಸು 30 ಮತ್ತು 18. ಈಗ ಇಂಥ ಲೆಕ್ಕ ಬಂದರೆ ಅವಳು ಪೆನ್ಸಿಲ್ ಹಿಡಿದು ಮೊದಲು ಮನೆ ಎಳೆಯುತ್ತಾಳೆ.

ಬೇಸರದ ವಿಷಯವೂ ಇದೆ. 5:3 ಇದ್ದ ವಯಸ್ಸು 6 ವರ್ಷದ ನಂತರ 3:2 ಆಗುವ ಲೆಕ್ಕದಲ್ಲಿ ಅವಳು 5ಕೆ, 3ಕೆ ಅಂತ ಇಟ್ಟುಕೊಂಡು ಓರೆ ಗುಣಾಕಾರ ಮಾಡಿ 10ಕೆ + 12 = 9ಕೆ + 18 ಅಂತ ಒಂದೇ ಸಾಲಿನಲ್ಲಿ ಬರೆದಳು. ಪೂರ್ತಿ ಸರಿ, ಕೆ ಅಂದರೆ 6. ಆದರೂ ಕೆಂಪು! ತಾನು ಕಲಿಸಿದ ದಾರಿ ಬಿಟ್ಟರೆ ಆ್ಯಪ್‌ಗೆ ತಿಳಿಯುವುದಿಲ್ಲ. ಸರಿಯಾಗಿ ಯೋಚಿಸಿದ ಮಗುವಿಗೆ ತಪ್ಪು ಅನ್ನುವುದು ನನಗೆ ಸಣ್ಣ ದೋಷ ಅನಿಸುವುದಿಲ್ಲ. ಎರಡು ಸಲ ಬರೆದು ತಿಳಿಸಿದ್ದೇನೆ, ಇನ್ನೂ ಸರಿಹೋಗಿಲ್ಲ.

ಸುಳಿವಿನ ಗುಂಡಿಯನ್ನು ಸೆಟ್ಟಿಂಗ್‌ನಲ್ಲಿ ಆಫ್ ಮಾಡಿಡಿ. ಮೂರು ಸಲ ಒತ್ತಿದರೆ ಇಡೀ ಲೆಕ್ಕವನ್ನು ಅದೇ ಬಿಡಿಸಿ ಕೊಡುತ್ತದೆ. ಪರೀಕ್ಷೆಗೆ ಒಂದು ವಾರ ಇರುವಾಗ ಶುರು ಮಾಡುವವರಿಗೆ ಇದು ಆಗಿಬರುವುದಿಲ್ಲ. ನಮಗೆ ಫರಕು ಕಂಡದ್ದೇ ನಾಲ್ಕನೇ ತಿಂಗಳಲ್ಲಿ, ಶಾಲೆಯ ನೋಟ್‌ಬುಕ್ಕಿನಲ್ಲಿ ಯಾರೂ ಹೇಳದೆ ಪ್ರತಿ ಸಾಲಿನ ಪಕ್ಕ ಅವಳು 'ಎರಡೂ ಬದಿಗೆ +7' ಅಂತ ಬರೆದುಕೊಂಡಾಗ.