ಸುತ್ತು ದಾರಿ ಪೂರ್ತಿ ತೆರೆದಿದೆಯಾ ಅಂತ ಕೇಳದೆ ಒಳಗೆ ಹೋಗಬೇಡಿ

ಮನೆಮಂದಿಯನ್ನೆಲ್ಲ ಕರೆದುಕೊಂಡು ಹತ್ತಿರದ ನಿಸರ್ಗ ಉದ್ಯಾನಕ್ಕೆ ಹೋಗುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗೆ ಬರುತ್ತಿದ್ದರಂತೂ ಓದಲೇಬೇಕು. ದೊಡ್ಡ ಕಾಡಿಗೋ ಬೆಟ್ಟಕ್ಕೋ ಹೊರಟರೆ ಎಲ್ಲರೂ ತಯಾರಿ ಮಾಡಿಕೊಳ್ಳುತ್ತಾರೆ. ಹತ್ತಿರದ ಪಾರ್ಕು ಅಂದರೆ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಗೇಟಿದೆ, ಟಿಕೆಟ್ ಕೊಡುವವರಿದ್ದಾರೆ, ಬೋರ್ಡುಗಳಿವೆ, ಇನ್ನೇನು ಬೇಕು ಅಂತ. ನಮ್ಮ ದೊಡ್ಡಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಗಿ ಬಂದದ್ದು ಇಂಥದ್ದೇ ಒಂದು ಪಾರ್ಕಿನಿಂದ.

ಉದ್ಯಾನದ ಹೆಸರು ಹೇಳುವುದಿಲ್ಲ. ಹೇಳಿದರೆ ಅದೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಸರಿಯಿದೆ ಅಂತ ಆಗಿಬಿಡುತ್ತದೆ. ಇದು ಎಲ್ಲಿ ಬೇಕಾದರೂ ಆಗಬಹುದಾದ ವಿಷಯ.

ಅವರ ಮಾಹಿತಿ ಪುಟವನ್ನು ಹಿಂದಿನ ದಿನವೇ ನೋಡಿಕೊಂಡಿದ್ದೆವು. ಸುತ್ತು ದಾರಿ 8 ಕಿಲೋಮೀಟರ್, ಒಟ್ಟು 300 ಮೀಟರ್ ಏರು, 2 ಗಂಟೆಯ ನಡಿಗೆ, ದಾರಿಯಲ್ಲಿ ಕುಡಿಯುವ ನೀರಿದೆ, ಎಲ್ಲ ವಯಸ್ಸಿನವರೂ ಬರಬಹುದು ಅಂತ ಅದರಲ್ಲಿತ್ತು. ಗೇಟಿನಲ್ಲಿ ಟಿಕೆಟ್ ಹರಿದುಕೊಟ್ಟವರು ದೊಡ್ಡಪ್ಪನನ್ನೂ ನೋಡಿದರು, ಮಕ್ಕಳನ್ನೂ ನೋಡಿದರು. "ಎಡಗಡೆಯಿಂದ ಹೋಗಿ, ಸುತ್ತಿಕೊಂಡು ಇಲ್ಲಿಗೇ ಬರ್ತೀರಿ" ಅಂದರು. ಅಷ್ಟೇ ಹೇಳಿದ್ದು.

ಮೊದಲ ನಲ್ಲಿಯಲ್ಲಿ ನೀರು ಬರಲಿಲ್ಲ. ತಿರುಗಿಸಿದರೆ ಗಾಳಿಯ ಸದ್ದೂ ಇಲ್ಲ, ನಲ್ಲಿಯ ಬಾಯಿಯಿಂದ ಇರುವೆಗಳು ಸಾಲಾಗಿ ಹೊರಬಂದವು. ಮುಂದಿನದರಲ್ಲಿ ಸಿಗುತ್ತದೆ ಅಂತ ಮುಂದೆ ನಡೆದೆವು. ಅದರ ಬುಡದ ಪೈಪೇ ಕಿತ್ತುಹೋಗಿತ್ತು. ಕೈಯಲ್ಲಿದ್ದ ಬಾಟಲಿ ನೀರಿನಲ್ಲಿ ಮಕ್ಕಳಿಗೆ ಮೊದಲು ಕೊಟ್ಟೆವು. ದೊಡ್ಡಪ್ಪ ಕೇಳಿದಾಗಲೆಲ್ಲ "ನನಗೆ ಬಾಯಾರಿಕೆ ಇಲ್ಲ" ಅನ್ನುತ್ತಿದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ವಯಸ್ಸಾದಂತೆ ದೇಹಕ್ಕೆ ನೀರು ಬೇಕಾಗಿದ್ದರೂ ಬಾಯಾರಿಕೆ ಅಷ್ಟಾಗಿ ಗೊತ್ತಾಗುವುದಿಲ್ಲ.

ಸುಮಾರು 6 ಕಿಲೋಮೀಟರ್ ಆದ ಮೇಲೆ ಹಳ್ಳದ ಮೇಲೊಂದು ಮರದ ಸೇತುವೆ. ಅದರ ಎರಡು ಕಂಬಗಳ ನಡುವೆ ಕೆಂಪು-ಬಿಳಿ ಪ್ಲಾಸ್ಟಿಕ್ ಪಟ್ಟಿ ಕಟ್ಟಿದ್ದರು. ಬಿಸಿಲಿಗೆ ಕೆಂಪು ಬಣ್ಣ ಮಾಸಿ ಗುಲಾಬಿಯಾಗಿತ್ತು. ಮೊನ್ನೆ ನಿನ್ನೆ ಕಟ್ಟಿದ ಪಟ್ಟಿ ಅಲ್ಲ ಅದು. ನಡುವಿನ ಹಲಗೆಗಳೇ ಇರಲಿಲ್ಲ. "ಪ್ರವೇಶವಿಲ್ಲ" ಅನ್ನುವ ಬೋರ್ಡು ಹುಲ್ಲಿನಲ್ಲಿ ಮಕಾಡೆ ಬಿದ್ದಿತ್ತು. ಹಳ್ಳಕ್ಕೆ ಇಳಿಯೋಣ ಅಂದರೆ ಎರಡೂ ದಡ ಕಡಿದಾಗಿ ಕುಸಿದಿದ್ದವು. ಆ ಕಡೆ ಗೇಟಿಗೆ ಉಳಿದದ್ದು ಬರೀ 2 ಕಿಲೋಮೀಟರ್. ಬಂದ ದಾರಿಯಲ್ಲೇ ವಾಪಸ್ ಹೋದರೆ ಮತ್ತೆ 6. ಹೊತ್ತು ನಡು ಮಧ್ಯಾಹ್ನ.

ವಾಪಸ್ ಬರುವಾಗ ದೊಡ್ಡಪ್ಪ ಮೊದಲು ತಲೆನೋವು ಅಂದರು. ಆಮೇಲೆ ಹೊಟ್ಟೆ ತೊಳಸುತ್ತಿದೆ ಅಂದರು. ಸ್ವಲ್ಪ ಹೊತ್ತು ಕೂರಿಸಿದೆವು, ಎದ್ದರು, ನಡೆದರು. ಆಮೇಲೆ ಒಂದು ಬಂಡೆಯ ಹತ್ತಿರ ನಿಂತು, ಬಗ್ಗಿ ಶೂ ಲೇಸು ಬಿಚ್ಚತೊಡಗಿದರು. ಯಾಕೆ ಅಂತ ಕೇಳಿದರೆ "ಮನೆ ಬಂತಲ್ಲ" ಅಂದರು. ನನ್ನ ಕೈಕಾಲೇ ಆಡಲಿಲ್ಲ.

ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಬಿಸಿಲಲ್ಲಿ ತಲೆನೋವು, ವಾಕರಿಕೆ, ಸುಸ್ತು, ತಲೆಸುತ್ತು ಬಂದರೆ ಅಲ್ಲಿಗೇ ನಡಿಗೆ ನಿಲ್ಲಿಸಿ ನೆರಳಿಗೆ ಕರೆದೊಯ್ಯಬೇಕು. ಮಾತು ತೊದಲಿದರೆ, ತಾನೆಲ್ಲಿದ್ದೇನೆ ಅಂತ ಗೊತ್ತಾಗದೆ ಹೋದರೆ ಅದು ಸುಸ್ತಲ್ಲ, ಹೀಟ್ ಸ್ಟ್ರೋಕ್ ಆಗಿರಬಹುದು. ಅದರಲ್ಲಿ ಮೈಯ ಒಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಜೀವಕ್ಕೇ ಅಪಾಯ. ಬೆವರು ನಿಂತಿರಲೇಬೇಕು ಅಂತೇನಿಲ್ಲ, ಬೆವರುತ್ತಿರುವಾಗಲೂ ಬರುತ್ತದೆ. ಸಹಾಯಕ್ಕೆ ಫೋನ್ ಮಾಡುವುದರ ಜೊತೆಗೇ ಮೈ ತಣ್ಣಗೆ ಮಾಡುವುದನ್ನೂ ಶುರು ಮಾಡಬೇಕು, ಆಂಬುಲೆನ್ಸ್ ಬರಲಿ ಅಂತ ಕಾಯಬಾರದು. ನಾವು ಅಂಗಿ ಬಿಚ್ಚಿ, ಉಳಿದಿದ್ದ ನೀರಲ್ಲಿ ಟವೆಲ್ ಒದ್ದೆ ಮಾಡಿ ಕತ್ತು, ಕಂಕುಳು, ತೊಡೆಸಂದಿಗೆ ಒತ್ತಿ, ಟೋಪಿಯಲ್ಲಿ ಗಾಳಿ ಬೀಸಿದೆವು. ಎಚ್ಚರ ತಪ್ಪಿದವರಿಗೆ, ಗೊಂದಲದಲ್ಲಿರುವವರಿಗೆ ಬಾಯಿಗೆ ನೀರು ಸುರಿಯಬೇಡಿ. ಅದು ಶ್ವಾಸನಾಳಕ್ಕೆ ಹೋಗಬಹುದು.

ಫೋನಿನಲ್ಲಿ ಕರೆ ಹೋಗಲಿಲ್ಲ. ನನ್ನ ತಮ್ಮ ಏರಿನ ಮೇಲಕ್ಕೆ ಓಡಿ, ಸಿಗ್ನಲ್ಲಿನ ಒಂದು ಕಡ್ಡಿ ಬಂದಲ್ಲಿಂದ ಎಸ್‌ಎಂಎಸ್ ಕಳಿಸಿದ. ಅಷ್ಟು ಸಣ್ಣ ಸಿಗ್ನಲ್‌ನಲ್ಲಿ ಮಾತು ಸಾಧ್ಯವಿಲ್ಲದಿದ್ದರೂ ಎಷ್ಟೋ ಸಲ ಎಸ್‌ಎಂಎಸ್ ಹೋಗುತ್ತದೆ. ನಾವಿದ್ದ ಜಾಗದ ಅಕ್ಷಾಂಶ ರೇಖಾಂಶವನ್ನೂ ಅದರಲ್ಲೇ ಹಾಕಿದ್ದ. ಮನೆಯಲ್ಲಿದ್ದ ಅಕ್ಕ ಗೇಟಿಗೆ ಫೋನ್ ಮಾಡಿದಳು. ಗಿಡಗಳಿಗೆ ನೀರು ಹಾಕುವ ಕೆಲಸದವರು ಒಳದಾರಿಯಲ್ಲಿ ಗಾಡಿ ತಂದರು. ಕ್ಯಾನಿನಲ್ಲಿದ್ದ ನೀರನ್ನು ದೊಡ್ಡಪ್ಪನ ಮೈಮೇಲೆ ಸುರಿಯುತ್ತಲೇ ಆಸ್ಪತ್ರೆಯವರೆಗೂ ಬಂದರು. ಅವರ ಋಣ ತೀರಿಸುವಂಥದ್ದಲ್ಲ. ದೊಡ್ಡಪ್ಪ ಈಗ ಮನೆಯಲ್ಲಿದ್ದಾರೆ, ಹುಷಾರಾಗಿದ್ದಾರೆ. ಅವರು ಬಿಪಿಗೆ ತೆಗೆದುಕೊಳ್ಳುವ ಮಾತ್ರೆ ಮೂತ್ರ ಜಾಸ್ತಿ ಮಾಡಿಸುವಂಥದ್ದು, ಅದರಿಂದ ದೇಹದ ನೀರು ಬೇಗ ಖಾಲಿಯಾಗುತ್ತದೆ ಅಂತ ಡಾಕ್ಟರ್ ಹೇಳಿದರು. ನಿಮ್ಮ ಮನೆಯ ಹಿರಿಯರೂ ಅಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬಿಸಿಲಿನ ನಡಿಗೆಗೆ ಮುಂಚೆ ಡಾಕ್ಟರನ್ನು ಕೇಳಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಆಮೇಲೆ ಗೇಟಿಗೆ ಹೋಗಿ ಕೇಳಿದರೆ ಸಿಕ್ಕ ಉತ್ತರ: "ಸೇತುವೆ ಹತ್ರ ಬೋರ್ಡ್ ಹಾಕಿದೀವಲ್ಲ." ನನಗೆ ಈಗಲೂ ಸಿಟ್ಟು ಬರುವುದು ಇದಕ್ಕೇ. ದಾರಿ ಮುಚ್ಚಿದೆ ಅನ್ನುವುದನ್ನು 6 ಕಿಲೋಮೀಟರ್ ನಡೆದ ಮೇಲೆ ತಿಳಿಸಿದರೆ ಅದು ತಿಳಿಸಿದ ಹಾಗಾಗುತ್ತದಾ?

ಸುತ್ತು ದಾರಿಯ ಅಪಾಯವೇ ಇದು. ಹೋಗಿ ಅದೇ ದಾರಿಯಲ್ಲಿ ವಾಪಸ್ ಬರುವ ಕಡೆ, ಎಲ್ಲಿ ಅಡ್ಡ ಬಂದರೂ ನಡಿಗೆ ಕಡಿಮೆಯಾಗುತ್ತದೆಯೇ ಹೊರತು ಜಾಸ್ತಿ ಆಗುವುದಿಲ್ಲ. ಸುತ್ತು ದಾರಿಯಲ್ಲಿ ಅರ್ಧ ದಾಟಿದ ಮೇಲೆ ಅಡ್ಡ ಬಂದರೆ ಲೆಕ್ಕವೇ ಉಲ್ಟಾ. 8 ಕಿಲೋಮೀಟರ್ ಅಂತ ಹೊರಟವರು 12 ನಡೆಯಬೇಕಾಗುತ್ತದೆ. ಹಾಗಾಗಿ ಹೊರಡುವ ದಿನ ಬೆಳಿಗ್ಗೆಯೇ ಫೋನ್ ಮಾಡಿ. "ಪಾರ್ಕ್ ಓಪನ್ ಇದೆಯಾ" ಅಂತ ಕೇಳಿದರೆ ಹೌದು ಅಂತಲೇ ಹೇಳುತ್ತಾರೆ, ಗೇಟು ತೆರೆದಿರುತ್ತದಲ್ಲ. "ಸುತ್ತು ದಾರಿ ಪೂರ್ತಿ ನಡೆಯೋಕಾಗುತ್ತಾ, ಸೇತುವೆಗಳು ಸರಿ ಇವೆಯಾ, ನಲ್ಲಿಯಲ್ಲಿ ಇವತ್ತು ನೀರು ಬರುತ್ತಿದೆಯಾ" ಅಂತ ಒಂದೊಂದಾಗಿ ಕೇಳಿ. ಗೇಟಿನಲ್ಲಿ ಮತ್ತೊಮ್ಮೆ ಕೇಳಿ. ಹೊರಗೆ ಬರುತ್ತಿರುವವರು ಸಿಕ್ಕರೆ ಅವರನ್ನೂ ಕೇಳಿ, ಅವರಷ್ಟು ತಾಜಾ ಸುದ್ದಿ ಯಾರ ಹತ್ತಿರವೂ ಇರುವುದಿಲ್ಲ. ನಕ್ಷೆಯಲ್ಲಿ ಸೇತುವೆ, ಹಳ್ಳ ಎಲ್ಲಿದೆ ನೋಡಿ, ಅದು ಮೊದಲು ಸಿಗುವ ದಿಕ್ಕಿನಿಂದ ಸುತ್ತು ಶುರು ಮಾಡಿ. ನಾವು ಬಲಗಡೆಯಿಂದ ಹೋಗಿದ್ದರೆ 2 ಕಿಲೋಮೀಟರಿಗೇ ಗೊತ್ತಾಗುತ್ತಿತ್ತು.

ಬೋರ್ಡಿನಲ್ಲಿ ಬರೆದ ಸಮಯವನ್ನೂ ಹಾಗೇ ನಂಬಬೇಡಿ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಒಂದು ಲೆಕ್ಕ ಕೊಟ್ಟ. ಈಗಿನ ಅಳತೆಯಲ್ಲಿ ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ದಾರಿಗೆ ಹಾಕಿದರೆ 8 ಕಿಲೋಮೀಟರಿಗೆ 1 ಗಂಟೆ 36 ನಿಮಿಷ, 300 ಮೀಟರ್ ಏರಿಗೆ ಅರ್ಧ ಗಂಟೆ. ಹೆಚ್ಚುಕಡಿಮೆ ಅವರು ಬರೆದ 2 ಗಂಟೆಯೇ ಆಯಿತು. ಆದರೆ ಅದು ಗಟ್ಟಿಮುಟ್ಟಾದವರು ಎಲ್ಲೂ ನಿಲ್ಲದೆ ನಡೆಯುವ ಲೆಕ್ಕ. ಮಕ್ಕಳು ಚಿಟ್ಟೆ ನೋಡುತ್ತಾ ನಿಲ್ಲುತ್ತಾರೆ, ಹಿರಿಯರು ಕೂರುತ್ತಾರೆ, ಅದಕ್ಕೇ ಅಲ್ವಾ ಅಲ್ಲಿಗೆ ಹೋಗುವುದು? ಆ ಸಮಯವನ್ನು ದುಪ್ಪಟ್ಟು ಮಾಡಿ, ಅಷ್ಟಾದರೂ ಬಿಸಿಲೇರುವ ಮುಂಚೆ ಮುಗಿಯುವಂತಿದ್ದರೆ ಮಾತ್ರ ಹೊರಡಿ.

ನೀರನ್ನು ಒಳಗೆ ಸಿಗುತ್ತದೆ ಅಂತ ಬಿಟ್ಟುಹೋಗಬೇಡಿ. ಬಿಸಿಲಲ್ಲಿ ನಡೆಯುವ ಒಬ್ಬರಿಗೆ ಗಂಟೆಗೆ ಅರ್ಧ ಲೀಟರಾದರೂ ಬೇಕು, ಸೆಕೆ ಜಾಸ್ತಿ ಇದ್ದರೆ ಇನ್ನೂ ಬೇಕು. ತುಂಬಾ ಹೊತ್ತು ಬೆವರಿದರೆ ಉಪ್ಪಿನಂಶವೂ ಹೊಟ್ಟೆಗೆ ಹೋಗಬೇಕು. ಹೃದಯ, ಕಿಡ್ನಿ ತೊಂದರೆ ಇರುವವರು ಇದನ್ನೂ ಡಾಕ್ಟರ್ ಹತ್ತಿರವೇ ಕೇಳಿಕೊಳ್ಳಲಿ. ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಜಿಪಿಎಸ್ ಉಪಗ್ರಹದಿಂದ ಬರುವಂಥದ್ದು, ಅದಕ್ಕೆ ನೆಟ್‌ವರ್ಕ್ ಬೇಕಿಲ್ಲ. ನಕ್ಷೆ ತೆರೆಯುವುದಕ್ಕೆ ಮಾತ್ರ ಬೇಕು. ಸಿಗ್ನಲ್ ಇಲ್ಲದ ಕಡೆ ಫೋನು ಟವರ್ ಹುಡುಕುತ್ತಾ ಚಾರ್ಜು ಖಾಲಿ ಮಾಡುತ್ತದೆ, ಬೇಡದಾಗ ಏರೋಪ್ಲೇನ್ ಮೋಡ್‌ನಲ್ಲಿಡಿ. ಮನೆಯಲ್ಲಿರುವ ಒಬ್ಬರಿಗೆ ಯಾವ ದಾರಿ, ಎಷ್ಟು ಹೊತ್ತಿಗೆ ಹೊರಗೆ ಬರುತ್ತೀರಿ, ಗೇಟಿನ ನಂಬರ್ ಏನು ಅಂತ ಹೇಳಿಹೋಗಿ. ನಮ್ಮ ಅಕ್ಕನ ಹತ್ತಿರ ಆ ನಂಬರ್ ಇದ್ದದ್ದಕ್ಕೇ ಗಾಡಿ ಬಂತು.

ನಾವು ಲಿಖಿತ ದೂರು ಕೊಟ್ಟಿದ್ದೇವೆ. ಕೇಳಿರುವುದು ಇಷ್ಟೇ: ಸೇತುವೆ ಮುಚ್ಚಿದೆ, ನೀರಿಲ್ಲ ಅನ್ನುವುದನ್ನು ಟಿಕೆಟ್ ಕೌಂಟರ್ ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ಬರೆದು ಹಾಕಿ, ಮಾಹಿತಿ ಪುಟವನ್ನು ತಿದ್ದಿ. ಇದನ್ನು ಬರೆಯುವ ಹೊತ್ತಿಗೂ ಪುಟದಲ್ಲಿ "ಎಲ್ಲ ವಯಸ್ಸಿನವರೂ ಬರಬಹುದು" ಅಂತಲೇ ಇದೆ. ನೀವು ಹೋದ ಕಡೆಯೂ ಹೀಗೆ ಅರ್ಧದಲ್ಲಿ ಮುಚ್ಚಿದ ದಾರಿ ಕಂಡರೆ ಸುಮ್ನೆ ಬಂದುಬಿಡಬೇಡಿ. ಫೋಟೋ ತೆಗೆದು ಗೇಟಿನಲ್ಲಿ ತೋರಿಸಿ, ಒಳಗೆ ಹೊರಟವರಿಗೂ ಒಂದು ಮಾತು ಹೇಳಿ.